ಕಮ್ಮಾರನ ಮಗ ಮತ್ತು ನಮ್ಮ ಉಕ್ಕು

ಮದ್ದೂರಿನ ಎಳನೀರು ಮಾರುಕಟ್ಟೆಯ ಹೆಸರನ್ನು ನೀವು ಕೇಳಿರಬಹುದು. ಬೆಂಗಳೂರು-ಮೈಸೂರು ರಸ್ತೆಯಲ್ಲಿ ಚನ್ನಪಟ್ಟಣ ದಾಟಿ, ನಿಡಘಟ್ಟದ ಮೂಲಕ ಮದ್ದೂರಿನ ಕಡೆಗೆ ಹೋಗುವಾಗ ರಸ್ತೆಯ ಪಕ್ಕದಲ್ಲಿ ಎಳನೀರು ಮಾರುವವರನ್ನಂತೂ ನೋಡಿರುತ್ತೀರಿ. ಮಚ್ಚಿನಿಂದ ಮೂರು ಏಟು ಬಿತ್ತೆಂದರೆ ಸಾಕು, ಎಳನೀರು ಬಾಯಿ ಬಿಡುತ್ತದೆ. ದಿನಕ್ಕೆ ನೂರಾರು ಕಾಯಿ ಕೊಚ್ಚಿದರೂ ಆ ಮಚ್ಚು ಬಾಗುವುದಿಲ್ಲ, ಅದರ ಬಾಯಿ ಮಡಚಿಕೊಳ್ಳುವುದಿಲ್ಲ. ಅಷ್ಟೇ ಉದ್ದದ, ಅಷ್ಟೇ ದಪ್ಪದ ಕಿಟಕಿಯ ಕಬ್ಬಿಣದ ಪಟ್ಟಿಯನ್ನು ಉಜ್ಜಿ ಚೂಪು ಮಾಡಿ ಅದರಿಂದ ಕೊಚ್ಚಿ ನೋಡಿ! ನಾಲ್ಕು ಏಟಿಗೇ ಅದರ ಅಂಚು ಮೊಂಡಾಗುತ್ತದೆ.

ಮಚ್ಚೂ ಕಬ್ಬಿಣವೇ, ಪಟ್ಟಿಯೂ ಕಬ್ಬಿಣವೇ. ಹಾಗಾದರೆ ಈ ವ್ಯತ್ಯಾಸ ಎಲ್ಲಿಂದ ಬಂತು?

ಸುಮಾರು 200 ವರ್ಷಗಳ ಹಿಂದೆ ಲಂಡನ್ ನಗರದ ಒಂದು ಪ್ರಯೋಗಾಲಯದಲ್ಲಿ ಒಬ್ಬ ಯುವಕ ಇಂಥದೇ ಪ್ರಶ್ನೆಯನ್ನು ಹಿಡಿದು ಕುಳಿತಿದ್ದ. ಅವನ ಮುಂದಿದ್ದುದು ಭಾರತದಿಂದ ಹೋಗಿದ್ದ ಉಕ್ಕಿನ ಒಂದು ಗಟ್ಟಿ. ಆ ಯುವಕನ ಹೆಸರು ಮೈಕೆಲ್ ಫ್ಯಾರಡೆ. ವಿದ್ಯುತ್ತಿನ ಪಾಠದಲ್ಲಿ ಈ ಹೆಸರನ್ನು ನೀವು ಓದಿದ್ದೀರಿ ಅಥವಾ ಮುಂದೆ ಓದುತ್ತೀರಿ. ಆದರೆ ವಿದ್ಯುತ್ತಿನಿಂದ ಹೆಸರಾಗುವುದಕ್ಕೆ ಮುಂಚೆ ಅವನು ಸುಮಾರು ಐದು ವರ್ಷ ಚಾಕು, ಕ್ಷೌರದ ಕತ್ತಿಗಳಿಗೆ ಬೇಕಾದ ಉಕ್ಕಿನ ಬೆನ್ನು ಹತ್ತಿದ್ದನೆಂಬುದು ಹೆಚ್ಚಿನವರಿಗೆ ತಿಳಿಯದು.

ಫ್ಯಾರಡೆ ಹುಟ್ಟಿದ್ದು 1791ರ ಸೆಪ್ಟೆಂಬರ್ 22ರಂದು, ಲಂಡನ್ನಿನ ಅಂಚಿನಲ್ಲಿದ್ದ ನ್ಯೂಯಿಂಗ್ಟನ್ ಎಂಬಲ್ಲಿ. ತಂದೆ ಜೇಮ್ಸ್ ಕಮ್ಮಾರ. ಹಳ್ಳಿಯಲ್ಲಿ ಬದುಕು ಸಾಗದೆ ಕೆಲಸ ಹುಡುಕಿಕೊಂಡು ಪಟ್ಟಣಕ್ಕೆ ಬಂದವನು. ನಾಲ್ಕು ಮಕ್ಕಳ ಸಂಸಾರ. ಗಾಡಿ ನಿಲ್ಲಿಸುವ ಕೊಟ್ಟಿಗೆಯ ಮೇಲಿನ ಮನೆಯಲ್ಲಿ ವಾಸ. ಜೇಮ್ಸನಿಗೆ ಆರೋಗ್ಯ ಚೆನ್ನಾಗಿರಲಿಲ್ಲ. ಎಷ್ಟೋ ದಿನ ಸುತ್ತಿಗೆ ಎತ್ತಲೂ ಆಗುತ್ತಿರಲಿಲ್ಲ. ಕಮ್ಮಾರ ಸುತ್ತಿಗೆ ಎತ್ತದ ದಿನ ಮನೆಯಲ್ಲಿ ಒಲೆ ಉರಿಯುವುದೂ ಕಷ್ಟ ಎಂಬುದನ್ನು ಹಳ್ಳಿಯ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ. 1801ರಲ್ಲಿ ಇಂಗ್ಲೆಂಡಿನಲ್ಲಿ ಧಾನ್ಯದ ಬೆಲೆ ವಿಪರೀತ ಏರಿತು. ಆಗ ಒಂಬತ್ತು ವರ್ಷದ ಮೈಕೆಲ್‌ಗೆ ತಾಯಿ ವಾರಕ್ಕೆ ಒಂದು ರೊಟ್ಟಿಯ ಗಟ್ಟಿ ಕೊಡುತ್ತಿದ್ದಳು. ಅದನ್ನೇ ಅವನು ಏಳು ದಿನಕ್ಕೆ ಪಾಲು ಮಾಡಿಕೊಳ್ಳಬೇಕಾಗಿತ್ತು.

ಶಾಲೆಯಲ್ಲಿ ಅವನು ಕಲಿತದ್ದು ಓದುವುದು, ಬರೆಯುವುದು, ಒಂದಿಷ್ಟು ಲೆಕ್ಕ, ಅಷ್ಟೇ. 1804ರಲ್ಲಿ ರೀಬೊ ಎಂಬ ಪುಸ್ತಕ ವ್ಯಾಪಾರಿಯ ಅಂಗಡಿಗೆ ಓಡಾಟದ ಹುಡುಗನಾಗಿ ಸೇರಿದ. ಮನೆಮನೆಗೆ ಪತ್ರಿಕೆ ಮುಟ್ಟಿಸುವುದು ಅವನ ಕೆಲಸ. ಮರುವರ್ಷ ಅದೇ ಅಂಗಡಿಯಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವ ಕಸುಬು ಕಲಿಯಲು ಏಳು ವರ್ಷದ ಒಪ್ಪಂದವಾಯಿತು. ರಟ್ಟು ಕಟ್ಟುವವನಿಗೆ ಚಾಕು ಬಲಗೈ ಇದ್ದ ಹಾಗೆ. ಚರ್ಮವನ್ನು ತೆಳ್ಳಗೆ ಹೆರೆಯಬೇಕು, ಹಾಳೆಯ ಅಂಚನ್ನು ಹರಿಯದಂತೆ ಕತ್ತರಿಸಬೇಕು. ಮೊಂಡು ಚಾಕುವಿನಿಂದ ಒಂದು ಒಳ್ಳೆಯ ಪುಸ್ತಕವೇ ಕೆಟ್ಟುಹೋಗಬಹುದು. ಹರಿತವಾದ ಅಂಚು ಎಂದರೇನು ಎಂಬುದು ಹೀಗೆ ಫ್ಯಾರಡೆಯ ಬೆರಳುಗಳಿಗೆ ಮೊದಲು ತಿಳಿಯಿತು. ಅದರ ಹಿಂದಿನ ವಿಜ್ಞಾನ ತಲೆಗೆ ಹೋದದ್ದು ಆಮೇಲೆ.

ಕಟ್ಟಲು ಬಂದ ಪುಸ್ತಕಗಳನ್ನು ಅವನು ಓದುತ್ತಿದ್ದ. ಒಂದು ವಿಶ್ವಕೋಶದಲ್ಲಿ ವಿದ್ಯುತ್ತಿನ ಬಗ್ಗೆ ಇದ್ದ ಬರಹ, ಜೇನ್ ಮಾರ್ಸೆಟ್ ಎಂಬ ಮಹಿಳೆ ಬರೆದ ರಸಾಯನಶಾಸ್ತ್ರದ ಪುಸ್ತಕ ಇವೆರಡೂ ಅವನನ್ನು ಹಿಡಿದುಬಿಟ್ಟವು. ಓದಿದ್ದನ್ನು ಮಾಡಿ ನೋಡದೆ ನಂಬುವ ಅಭ್ಯಾಸ ಅವನಿಗಿರಲಿಲ್ಲ. ಕೈಯಲ್ಲಿದ್ದ ಪುಡಿಗಾಸಿನಲ್ಲೇ ಸೀಸೆ, ತಂತಿ ಕೊಂಡು ಚಿಕ್ಕ ಚಿಕ್ಕ ಪ್ರಯೋಗ ಮಾಡುತ್ತಿದ್ದ. ಪೇಟೆಯಲ್ಲಿ ವಿಜ್ಞಾನದ ಉಪನ್ಯಾಸ ನಡೆದಾಗ ಪ್ರವೇಶದ ಒಂದು ಷಿಲಿಂಗ್ ಕೊಟ್ಟವನು ಅಣ್ಣ ರಾಬರ್ಟ್. ಅವನೂ ಕಮ್ಮಾರನೇ. 1810ರಲ್ಲಿ ತಂದೆ ತೀರಿಕೊಂಡ ಮೇಲೆ ಮನೆಯ ಭಾರ ಹೊತ್ತವನು ಅವನು.

1812ರಲ್ಲಿ ಒಬ್ಬ ಗಿರಾಕಿ ಫ್ಯಾರಡೆಗೆ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಹಂಫ್ರಿ ಡೇವಿ ನೀಡುತ್ತಿದ್ದ ನಾಲ್ಕು ಉಪನ್ಯಾಸಗಳಿಗೆ ಚೀಟಿ ಕೊಟ್ಟ. ಡೇವಿ ಆ ಕಾಲದ ದೊಡ್ಡ ರಸಾಯನ ವಿಜ್ಞಾನಿ. ಫ್ಯಾರಡೆ ಕೇಳಿದ್ದನ್ನೆಲ್ಲ ಬರೆದುಕೊಂಡು, ಚಿತ್ರ ಬಿಡಿಸಿ, ಅಚ್ಚುಕಟ್ಟಾಗಿ ರಟ್ಟು ಕಟ್ಟಿ ಡೇವಿಗೇ ಕಳುಹಿಸಿದ. ಕಸುಬು ಹೇಗೆ ಉಪಯೋಗಕ್ಕೆ ಬಂತು ನೋಡಿ! ಕೆಲವೇ ತಿಂಗಳಲ್ಲಿ ಪ್ರಯೋಗಾಲಯದ ಸಹಾಯಕನೊಬ್ಬ ಜಗಳವಾಡಿ ಕೆಲಸ ಕಳೆದುಕೊಂಡ. 1813ರ ಮಾರ್ಚ್ 1ರಂದು ಆ ಜಾಗಕ್ಕೆ ಫ್ಯಾರಡೆ ಬಂದ. ವಾರಕ್ಕೆ 25 ಷಿಲಿಂಗ್ ಸಂಬಳ, ಮಹಡಿಯ ಮೇಲೆ ಎರಡು ಕೋಣೆ, ಉರಿಸಲು ಇದ್ದಿಲು ಮತ್ತು ಮೇಣದಬತ್ತಿ. ಸೀಸೆ ತೊಳೆಯುವುದರಿಂದ ಅವನ ಕೆಲಸ ಶುರುವಾಯಿತು.

ಈಗ ಚಾಕುವಿನ ಕಥೆಗೆ ಬರೋಣ. ಲಂಡನ್ನಿನಲ್ಲಿ ಜೇಮ್ಸ್ ಸ್ಟೊಡಾರ್ಟ್ ಎಂಬ ಒಬ್ಬ ಕುಶಲಕರ್ಮಿ ಇದ್ದ. ವೈದ್ಯರಿಗೆ ಶಸ್ತ್ರಚಿಕಿತ್ಸೆಯ ಕತ್ತಿ, ಕ್ಷೌರದ ಕತ್ತಿ, ಸಣ್ಣ ಚಾಕು ಇವುಗಳನ್ನು ಮಾಡಿ ಮಾರುವುದು ಅವನ ವೃತ್ತಿ. 1790ರ ದಶಕದಲ್ಲಿ ಮುಂಬಯಿಯಲ್ಲಿದ್ದ ಹೆಲೆನಸ್ ಸ್ಕಾಟ್ ಎಂಬ ವೈದ್ಯ ಭಾರತದ ಒಂದು ಬಗೆಯ ಉಕ್ಕಿನ ಗಟ್ಟಿಗಳನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಕಳುಹಿಸಿದ್ದ. ಅದನ್ನು ಪರೀಕ್ಷಿಸಿದ ಜಾರ್ಜ್ ಪಿಯರ್ಸನ್ 1795ರಲ್ಲಿ ಅದರ ಬಗ್ಗೆ ಬರೆದ. ಪರೀಕ್ಷೆಗಾಗಿ ಆ ಉಕ್ಕಿನಿಂದ ಒಂದು ಚಿಕ್ಕ ಚಾಕುವನ್ನು ಮಾಡಿಕೊಟ್ಟವನು ಸ್ಟೊಡಾರ್ಟ್. ಆಗ ಹಕ್ಕಿಯ ಗರಿಯಿಂದ ಬರೆಯುತ್ತಿದ್ದರು. ಗರಿಯ ತುದಿಯನ್ನು ಆಗಾಗ ಹೆರೆಯಬೇಕಿತ್ತು. ಅದಕ್ಕಾಗಿ ಬರೆಯುವವರೆಲ್ಲರ ಜೇಬಿನಲ್ಲೂ ಒಂದು ಲೇಖನಿ ಚಾಕು ಇರುತ್ತಿತ್ತು. ಸ್ಟೊಡಾರ್ಟ್ ಮಾಡಿದ್ದು ಅಂಥದೇ ಚಾಕು. ಅದರ ಬಾಯಿ ಎಷ್ಟು ನಯ, ಎಷ್ಟು ಬಾಳಿಕೆ ಎಂದರೆ, ಯುರೋಪಿನ ಅತ್ಯುತ್ತಮ ಉಕ್ಕಿಗಿಂತ ಇದೇ ಮೇಲು ಎಂದು ಅವನು ತನ್ನ ಅಂಗಡಿಯ ಚೀಟಿಯಲ್ಲೇ ಅಚ್ಚು ಹಾಕಿಸಿದ.

ಈ ಉಕ್ಕನ್ನು ಇಂಗ್ಲಿಷರು ವೂಟ್ಜ್ ಎಂದು ಕರೆದರು. ವಿಚಿತ್ರ ಹೆಸರು ಅಲ್ಲವೇ? ಕನ್ನಡದಲ್ಲೂ ತೆಲುಗಿನಲ್ಲೂ ಇರುವ ಉಕ್ಕು ಎಂಬ ಮಾತೇ ಬರೆದವರ, ಓದಿದವರ ಕೈಯಲ್ಲಿ ತಿರುಚಿಕೊಂಡು ಹೀಗಾಯಿತು ಎಂಬುದು ಬಲ್ಲವರ ಅಭಿಪ್ರಾಯ. ಇವತ್ತಿಗೂ ಪ್ರಪಂಚದ ಲೋಹ ವಿಜ್ಞಾನಿಗಳು ಇದನ್ನು ವೂಟ್ಜ್ ಎಂದೇ ಕರೆಯುತ್ತಾರೆ.

ಈ ಉಕ್ಕನ್ನು ಮಾಡುತ್ತಿದ್ದ ಜಾಗಗಳಲ್ಲಿ ಹಳೆಯ ಮೈಸೂರು ಸೀಮೆಯೂ ಒಂದು. ಟಿಪ್ಪು ಸುಲ್ತಾನ್ 1799ರಲ್ಲಿ ಮಡಿದ ಮೇಲೆ ಇಲ್ಲಿನ ಬೆಳೆ, ಕಸುಬು, ವ್ಯಾಪಾರಗಳನ್ನು ನೋಡಿ ಬರೆಯಲು ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಕಳುಹಿಸಲಾಯಿತು. 1800ರಲ್ಲಿ ಅವನು ಬೆಂಗಳೂರಿನಿಂದ ಹೊರಟು ಚನ್ನಪಟ್ಟಣ, ಮದ್ದೂರು, ಮಂಡ್ಯದ ಮೂಲಕ ಶ್ರೀರಂಗಪಟ್ಟಣಕ್ಕೆ ಹೋದ. ನಿಡಘಟ್ಟ ಇರುವುದು ಈ ಚನ್ನಪಟ್ಟಣ ಮತ್ತು ಮದ್ದೂರಿನ ನಡುವೆಯೇ. 2023ರಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿಯ ಎರಡು ಹಂತಗಳು ಕೂಡುವುದೂ ಇಲ್ಲಿಯೇ. ಚನ್ನಪಟ್ಟಣ ಎಂದರೆ ನಮಗೆ ಬಣ್ಣದ ಮರದ ಗೊಂಬೆ ನೆನಪಾಗುತ್ತದೆ. ಬುಕಾನನ್ ಅಲ್ಲಿ ಕಂಡ ಕಸುಬುಗಳಲ್ಲಿ ಇನ್ನೊಂದಿತ್ತು. ಸಂಗೀತ ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿ! ಆ ತಂತಿಗೆ ದೂರದೂರದ ಊರುಗಳಲ್ಲೂ ಬೇಡಿಕೆ ಇತ್ತು. ಕೂದಲಿನಂತೆ ತೆಳ್ಳಗೆ ಎಳೆದರೂ ಕಡಿಯದ, ಬಿಗಿದು ಮೀಟಿದರೂ ತುಂಡಾಗದ ತಂತಿ ಬರಬೇಕಾದರೆ ಉಕ್ಕು ಬಹಳ ಒಳ್ಳೆಯದಿರಬೇಕು.

ಅದೇ ಪ್ರಯಾಣದಲ್ಲಿ ಮುಂದೆ ಮಾಗಡಿಯ ಕಡೆ ಬುಕಾನನ್ ಉಕ್ಕು ಮಾಡುವುದನ್ನೇ ಕಂಡ. ಕೆಲಸಗಾರರು ಮೆದು ಕಬ್ಬಿಣದ ತುಂಡನ್ನು ಜೇಡಿಮಣ್ಣಿನ ಚಿಕ್ಕ ಮೂಸೆಯಲ್ಲಿ ಇಡುತ್ತಿದ್ದರು. ಅದರ ಜೊತೆ ತಂಗಡಿ ಗಿಡದ ಕಡ್ಡಿಗಳನ್ನು ತೂಕ ಮಾಡಿ ಹಾಕುತ್ತಿದ್ದರು. ನಮ್ಮ ಬೀಳುಗಳಲ್ಲಿ ಹಳದಿ ಹೂ ಬಿಡುವ, ಕೆಲವು ಕಡೆ ಆವರಿಕೆ ಎನ್ನುವ ಅದೇ ಗಿಡ. ಮೇಲೆ ಎರಡು ಹಸಿ ಎಲೆ. ಆಮೇಲೆ ಮೂಸೆಯ ಬಾಯಿಯನ್ನು ಮಣ್ಣಿನಿಂದ ಮುಚ್ಚಿ ಗಾಳಿಯಾಡದಂತೆ ಮೆತ್ತುತ್ತಿದ್ದರು. ಇಂಥ ಹಲವು ಮೂಸೆಗಳನ್ನು ಕುಲುಮೆಯಲ್ಲಿ ಜೋಡಿಸಿ, ಇದ್ದಿಲು ತುಂಬಿ, ತಿದಿ ಒತ್ತುತ್ತ ಗಂಟೆಗಟ್ಟಲೆ ಕಾಯಿಸುತ್ತಿದ್ದರು. ಆರಿದ ಮೇಲೆ ಮೂಸೆ ಒಡೆದರೆ ಒಳಗೆ ಉಕ್ಕಿನ ಒಂದು ಚಿಕ್ಕ ಗಟ್ಟಿ. ಕಲ್ಲುಕುಟಿಗರ ಉಳಿ, ಕತ್ತಿಯ ಅಲಗು, ವಾದ್ಯದ ತಂತಿ ಇವೆಲ್ಲ ಅದರಿಂದಲೇ ಆಗುತ್ತಿದ್ದವು. ಬುಕಾನನ್ನನ ಬರಹ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಆ ಕುಲುಮೆಗಳ ಮುಂದೆ ಬೆವರು ಸುರಿಸಿದವರ ಹೆಸರು ಮಾತ್ರ ನಮಗೆ ಉಳಿದಿಲ್ಲ.

ಇಂಥ ಉಕ್ಕಿನ ಗಟ್ಟಿಯಿಂದ ಚಾಕು ಮಾಡುವುದು ಸುಲಭವೇನಲ್ಲ. ಯುರೋಪಿನ ಎಷ್ಟೋ ಕಮ್ಮಾರರು ತಮಗೆ ರೂಢಿಯಿದ್ದಂತೆ ಅದನ್ನು ಬೆಳ್ಳಗೆ ಹೊಳೆಯುವವರೆಗೆ ಕಾಯಿಸಿ ಬಡಿದರು. ಅದು ಬೆಲ್ಲದ ಅಚ್ಚಿನಂತೆ ಪುಡಿಪುಡಿಯಾಯಿತು. ಸ್ಟೊಡಾರ್ಟ್ ತಾಳ್ಮೆಯಿಂದ ಕೆಂಪು ಶಾಖದಲ್ಲೇ ನಿಧಾನವಾಗಿ ಬಡಿದು ಗೆದ್ದ. ಅಲ್ಲಿಂದ ಮುಂದಿನ ಹಂತಗಳು ಎಲ್ಲ ಚಾಕುಗಳಿಗೂ ಒಂದೇ. ಈಗಲೂ ಕೆಲವರು ಹವ್ಯಾಸವಾಗಿ ಮನೆಯಲ್ಲೇ ಕೈ ಹತಾರಗಳಿಂದ ತಮ್ಮ ಮೊದಲ ಚಾಕುವನ್ನು ಮಾಡುತ್ತಾರೆ. ನಮ್ಮ ಕಮ್ಮಾರರು ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಮಚ್ಚು ಮಾಡುವುದೂ ಹೀಗೆಯೇ. ಹೇಗೆ ಎಂದು ಸ್ವಲ್ಪ ವಿವರವಾಗಿ ನೋಡೋಣ. ಫ್ಯಾರಡೆಯ ಸಮಸ್ಯೆ ಏನೆಂದು ತಿಳಿಯಲು ಇದು ಬೇಕು.

ಮೊದಲು ಉಕ್ಕು ಬೇಕು. ಸವೆದುಹೋದ ಹಳೆಯ ಅರ ಇದಕ್ಕೆ ಒಳ್ಳೆಯದು. ಅರ ಬಹಳ ಗಡುಸು. ಇನ್ನೊಂದು ಅರದಿಂದ ಅದನ್ನು ಉಜ್ಜಲಾಗದು. ಆದ್ದರಿಂದ ಅದನ್ನು ಕೆಂಪಗೆ ಕಾಯಿಸಿ ಬೂದಿಯಲ್ಲಿ ಹೂತು ಒಂದು ರಾತ್ರಿ ಬಿಡುತ್ತಾರೆ. ನಿಧಾನವಾಗಿ ಆರಿದ ಉಕ್ಕು ಮೆತ್ತಗಾಗುತ್ತದೆ. ರಟ್ಟಿನಲ್ಲಿ ಚಾಕುವಿನ ಆಕಾರವನ್ನು ಕತ್ತರಿಸಿ, ಉಕ್ಕಿನ ಮೇಲಿಟ್ಟು ಗೆರೆ ಎಳೆದು, ಗರಗಸದಿಂದ ಕೊಯ್ದು, ಅರದಿಂದ ಉಜ್ಜಿ ರೂಪ ಕೊಡುತ್ತಾರೆ. ಹಿಡಿ ಕೂರಿಸಲು ಬೇಕಾದ ತೂತುಗಳನ್ನು ಈಗಲೇ ಕೊರೆಯಬೇಕು, ಗಡುಸಾದ ಮೇಲೆ ಕೊರೆಯಲಾಗದು. ಅಂಚನ್ನು ಪೂರ್ತಿ ತೆಳ್ಳಗೆ ಮಾಡಬಾರದು, ಒಂದಿಷ್ಟು ದಪ್ಪ ಬಿಡಬೇಕು. ಏಕೆಂದರೆ ಮುಂದಿನ ಹಂತದಲ್ಲಿ ತೆಳ್ಳನೆಯ ಅಂಚು ಬಿರುಕು ಬಿಡುತ್ತದೆ ಇಲ್ಲವೇ ಸೊಟ್ಟಗಾಗುತ್ತದೆ.

ಆ ಮುಂದಿನ ಹಂತವೇ ಹದ. ಎಷ್ಟೋ ಜನರ ಮೊದಲ ಚಾಕು ಹಾಳಾಗುವುದು ಇಲ್ಲೇ. ಅಲಗನ್ನು ಮತ್ತೆ ಕೆಂಪಗೆ ಕಾಯಿಸಿ ಥಟ್ಟನೆ ಎಣ್ಣೆಗೆ ಅದ್ದುತ್ತಾರೆ. ಎಷ್ಟು ಕಾದರೆ ಸಾಕು ಎಂದು ತಿಳಿಯುವುದು ಹೇಗೆ? ಅನುಭವಿ ಕಮ್ಮಾರ ಬಣ್ಣ ನೋಡಿ ಹೇಳುತ್ತಾನೆ. ಹೊಸಬರಿಗೆ ಒಂದು ಆಯಸ್ಕಾಂತ ಸಹಾಯ ಮಾಡುತ್ತದೆ. ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿದ ಕಬ್ಬಿಣವನ್ನು ಆಯಸ್ಕಾಂತ ಎಳೆಯುವುದಿಲ್ಲ! ಎಳೆಯುವುದು ನಿಂತ ಮೇಲೆ ಇನ್ನೊಂದು ಚೂರು ಕಾಯಿಸಿ ಅದ್ದಿದರೆ ಸರಿ. ಆ ಶಾಖದಲ್ಲಿ ಉಕ್ಕಿನೊಳಗಿನ ಇಂಗಾಲದ ಕಣಗಳು ಕಬ್ಬಿಣದ ಕಣಗಳ ನಡುವೆ ಹರಡಿಕೊಂಡಿರುತ್ತವೆ. ನಿಧಾನವಾಗಿ ಆರಿದರೆ ಅವು ಹೊರಬಂದು ಬೇರೆ ಕೂಡಿಕೊಳ್ಳುತ್ತವೆ. ಥಟ್ಟನೆ ಆರಿದರೆ ಇದ್ದಲ್ಲೇ ಸಿಕ್ಕಿಕೊಳ್ಳುತ್ತವೆ. ಸಂತೆಯ ಗುಂಪಿನಲ್ಲಿ ಸಿಕ್ಕಿಕೊಂಡವರಂತೆ ಯಾರೂ ಅಲುಗಾಡುವ ಹಾಗಿಲ್ಲ. ಆದ್ದರಿಂದ ಲೋಹ ಗಡುಸಾಗುತ್ತದೆ. ಆದರೆ ಗಾಜಿನಂತೆ ಪೆಡಸೂ ಆಗುತ್ತದೆ. ಕೆಳಗೆ ಬಿದ್ದರೆ ಎರಡು ತುಂಡು.

ಈ ಪೆಡಸನ್ನು ಇಳಿಸಲು ಅಲಗನ್ನು ಬೆಳ್ಳಗೆ ಉಜ್ಜಿ ಇನ್ನೊಮ್ಮೆ ಹಗುರವಾಗಿ ಕಾಯಿಸಬೇಕು. ಈಗ ಕೆಂಪಾಗುವ ಮಾತೇ ಇಲ್ಲ. ಸುಮಾರು 220 ಡಿಗ್ರಿಯ ಹೊತ್ತಿಗೆ ಅಲಗಿನ ಮೇಲೆ ಒಣಹುಲ್ಲಿನ ತಿಳಿಹಳದಿ ಮೂಡುತ್ತದೆ. ಇನ್ನೂ ಕಾದರೆ ಕಂದು, ಆಮೇಲೆ ನೇರಳೆ, ಕೊನೆಗೆ ನೀಲಿ. ಗಾಳಿಯ ಆಮ್ಲಜನಕ ಉಕ್ಕಿನೊಂದಿಗೆ ಸೇರಿ ಆಗುವ ಬಹು ತೆಳುವಾದ ಪೊರೆಯ ಬಣ್ಣಗಳಿವು. ಚಾಕುವಿಗೆ ಹಳದಿಯಲ್ಲೇ ನಿಲ್ಲಿಸಬೇಕು. ನೀಲಿಗೆ ಹೋದರೆ ಅದು ಸ್ಪ್ರಿಂಗಿಗೆ ಸರಿ, ಚಾಕುವಿಗೆ ಮೆದುವಾಯಿತು. ಕೊನೆಗೆ ಮರದ ಹಿಡಿ ಕೂರಿಸಿ, ಮೊಳೆ ಬಡಿದು, ಸಾಣೆಕಲ್ಲಿನ ಮೇಲೆ ಬಾಯಿ ತೆಗೆದರೆ ಚಾಕು ಸಿದ್ಧ.

ಇದು ಮಕ್ಕಳು ಮಾಡುವ ಕೆಲಸವಲ್ಲ. ಕಾದ ಉಕ್ಕು ಮುಳುಗಿದಾಗ ಎಣ್ಣೆಗೆ ಬೆಂಕಿ ಹತ್ತುವುದುಂಟು. ನಿಮ್ಮೂರಿನಲ್ಲಿ ಕುಲುಮೆ ಇದ್ದರೆ ಕಮ್ಮಾರರನ್ನು ಕೇಳಿ, ದೂರ ನಿಂತು ನೋಡಿ. ಬಣ್ಣ ನೋಡಿ ಅವರು ಹದ ಗುರುತಿಸುವ ಬಗೆಯನ್ನು ಗಮನಿಸಿ.

ಇಷ್ಟೆಲ್ಲ ಹದವನ್ನು ಬಲ್ಲ ಸ್ಟೊಡಾರ್ಟ್‌ಗೆ ಒಂದು ವಿಷಯ ಮಾತ್ರ ಬಗೆಹರಿದಿರಲಿಲ್ಲ. ಅದೇ ಕೈ, ಅದೇ ಹದ. ಆದರೂ ಭಾರತದ ಉಕ್ಕಿನ ಚಾಕುವೇ ಏಕೆ ಮೇಲು? ಅದರಲ್ಲಿ ಏನಿದೆ? ಅದನ್ನು ಇಂಗ್ಲೆಂಡಿನಲ್ಲೇ ಮಾಡಬಹುದೇ? 1818ರ ಸುಮಾರಿಗೆ ಅವನೂ 27 ವರ್ಷದ ಫ್ಯಾರಡೆಯೂ ಜೊತೆಯಾದರು. ಒಬ್ಬ ನುರಿತ ಕುಶಲಕರ್ಮಿ, ಇನ್ನೊಬ್ಬ ಕಮ್ಮಾರನ ಮನೆಯಲ್ಲಿ ಬೆಳೆದ ರಸಾಯನ ವಿಜ್ಞಾನಿ. ಇದಕ್ಕಿಂತ ಒಳ್ಳೆಯ ಜೋಡಿ ಸಿಗುವುದು ಕಷ್ಟವಿತ್ತು.

ಪ್ರಯೋಗಾಲಯದಲ್ಲಿ ಫ್ಯಾರಡೆ ಒಂದು ಕುಲುಮೆಯನ್ನೇ ಕಟ್ಟಿದ. ತಿದಿಯ ಗಾಳಿಯಿಂದ ಉಕ್ಕನ್ನು ಕರಗಿಸುವಷ್ಟು ಬಿಸಿಯಾಗುವ ಕುಲುಮೆ. ತಂದೆಯ ಕಸುಬಿನಿಂದ ದೂರ ಹೋದ ಮಗ ಮತ್ತೆ ಬೆಂಕಿಯ ಮುಂದೆ ನಿಂತ. ಉಕ್ಕಿನ ಚೂರನ್ನು ಆಮ್ಲದಲ್ಲಿ ಕರಗಿಸಿ, ಉಳಿದದ್ದನ್ನು ಬೇರ್ಪಡಿಸಿ ತೂಗಿದ. ಅಲ್ಯೂಮಿನಿಯಂ ಮತ್ತು ಸಿಲಿಕಾನ್ ಇರುವ ಮಣ್ಣಿನಂಥ ಪದಾರ್ಥ ಬಹಳ ಸ್ವಲ್ಪ ಸಿಕ್ಕಿತು. ಗುಟ್ಟು ಸಿಕ್ಕಿತೆಂದು ಅವನು ಭಾವಿಸಿದ. ಅಲ್ಯೂಮಿನಿಯಂನ ಅಂಶವೇ ಈ ಉಕ್ಕಿಗೆ ಗುಣ ಕೊಟ್ಟಿದೆ ಎಂದು 1819ರಲ್ಲಿ ಪ್ರಕಟಿಸಿದ. ಅಲ್ಯೂಮಿನಿಯಂ ಲೋಹವನ್ನು ಆಗಿನ್ನೂ ಯಾರೂ ಬೇರ್ಪಡಿಸಿರಲಿಲ್ಲ. ಅದು ಸಾಧ್ಯವಾದದ್ದು 1825ರಲ್ಲಿ.

ಫ್ಯಾರಡೆಯ ಈ ತೀರ್ಮಾನ ತಪ್ಪಾಗಿತ್ತು. ಗುಟ್ಟು ಅಲ್ಯೂಮಿನಿಯಂ ಅಲ್ಲ, ಇಂಗಾಲ. ಅವನ ಬರಹವನ್ನು ಓದಿ ಪ್ಯಾರಿಸಿನ ಬ್ರೆಯಾಂ ಎಂಬಾತ ನೂರಾರು ಪ್ರಯೋಗಗಳನ್ನು ನಡೆಸಿ, 1820ರ ದಶಕದಲ್ಲಿ ಇದನ್ನು ತೋರಿಸಿದ. 100 ಗ್ರಾಂ ಸಾಧಾರಣ ಮೆದು ಕಬ್ಬಿಣದಲ್ಲಿ ಹುಡುಕಿದರೂ ಕಾಲು ಗ್ರಾಂ ಇಂಗಾಲ ಸಿಗುವುದಿಲ್ಲ. ನಮ್ಮ ಹಳೆಯ ಉಕ್ಕಿನಲ್ಲಿ ಸುಮಾರು ಒಂದೂವರೆ ಗ್ರಾಂ ಇರುತ್ತದೆ. ಆ ಇಂಗಾಲ ಎಲ್ಲಿಂದ ಬಂತು ಎಂದು ನೀವೇ ಹೇಳಬಲ್ಲಿರಿ. ಮೂಸೆಯೊಳಗೆ ಕಬ್ಬಿಣದ ಜೊತೆ ಹಾಕಿದ್ದ ತಂಗಡಿ ಕಡ್ಡಿಯಿಂದ! ಮುಚ್ಚಿದ ಮೂಸೆಯಲ್ಲಿ ಗಾಳಿ ಇಲ್ಲದ್ದರಿಂದ ಕಡ್ಡಿ ಉರಿದು ಬೂದಿಯಾಗದೆ ಇದ್ದಿಲಾಗುತ್ತದೆ. ಇದ್ದಿಲಿನ ಇಂಗಾಲವನ್ನು ಕಾದ ಕಬ್ಬಿಣ ಹೀರಿಕೊಳ್ಳುತ್ತದೆ. ಇಂಗಾಲ ಸೇರಿದಂತೆ ಕಬ್ಬಿಣ ಕರಗುವ ಉಷ್ಣತೆಯೂ ಇಳಿಯುತ್ತದೆ, ಹೀಗಾಗಿ ಅದು ಕರಗಿ ಎಲ್ಲ ಕಡೆ ಒಂದೇ ಸಮನಾಗುತ್ತದೆ. ಕಡ್ಡಿಯನ್ನು ತೂಕ ಮಾಡಿ ಹಾಕುತ್ತಿದ್ದರು ಎಂಬುದನ್ನು ಮರೆಯಬೇಡಿ. ಇಂಗಾಲ ಎಂಬ ಹೆಸರು ಗೊತ್ತಿಲ್ಲದಿದ್ದರೂ ಎಷ್ಟು ಬೇಕೆಂಬುದು ಆ ಕೆಲಸಗಾರರಿಗೆ ಗೊತ್ತಿತ್ತು.

ಉತ್ತರ ತಪ್ಪಾದರೂ ಹುಡುಕಾಟ ವ್ಯರ್ಥವಾಗಲಿಲ್ಲ. ಸ್ವಲ್ಪವೇ ಸ್ವಲ್ಪ ಬೇರೊಂದು ಪದಾರ್ಥ ಸೇರಿದರೂ ಉಕ್ಕಿನ ಗುಣ ಬದಲಾಗುತ್ತದೆ ಎಂಬ ಯೋಚನೆ ಫ್ಯಾರಡೆಯನ್ನು ಬಿಡಲಿಲ್ಲ. ಅವನು, ಸ್ಟೊಡಾರ್ಟ್ ಇಬ್ಬರೂ ಉಕ್ಕಿಗೆ ಒಂದೊಂದಾಗಿ ಬೆಳ್ಳಿ, ಚಿನ್ನ, ಪ್ಲಾಟಿನಂ, ನಿಕ್ಕಲ್, ಕ್ರೋಮಿಯಂ ಬೆರೆಸಿ ನೋಡಿದರು. ವಿಜ್ಞಾನಿ ವೊಲಾಸ್ಟನ್ ರೋಡಿಯಂ ಎಂಬ ಅಪರೂಪದ ಲೋಹವನ್ನು ಕೊಟ್ಟ. ಬೆಳ್ಳಿಯ ವಿಷಯ ತಮಾಷೆಯಾಗಿತ್ತು. ಹೆಚ್ಚು ಬೆಳ್ಳಿ ಹಾಕಿದರೆ ಉಕ್ಕು ಆರುವಾಗ ಅದು ಬೆವರಿನ ಹನಿಗಳಂತೆ ಹೊರಗೆ ಬಂದುಬಿಡುತ್ತಿತ್ತು. 500 ಭಾಗ ಉಕ್ಕಿಗೆ ಒಂದು ಭಾಗ ಬೆಳ್ಳಿ ಇದ್ದಾಗ ಮಾತ್ರ ಒಳಗೆ ನಿಂತಿತು, ಚಾಕುವಿಗೆ ಬಹಳ ಚೆನ್ನಾಗಿ ಒಗ್ಗಿತು. 1820 ಮತ್ತು 1822ರಲ್ಲಿ ಇಬ್ಬರೂ ಸೇರಿ ಈ ಪ್ರಯೋಗಗಳನ್ನು ಪ್ರಕಟಿಸಿದರು. ಹೊಸ ಉಕ್ಕಿನಿಂದ ಮಾಡಿದ ಕ್ಷೌರದ ಕತ್ತಿಗಳನ್ನು ಫ್ಯಾರಡೆ ಸ್ನೇಹಿತರಿಗೆ ಉಡುಗೊರೆ ಕೊಟ್ಟ. ಉಕ್ಕಿನ ಊರಾದ ಶೆಫೀಲ್ಡಿನಲ್ಲಿ ದೊಡ್ಡ ಪ್ರಮಾಣದಲ್ಲೂ ಕರಗಿಸಿ ನೋಡಿದರು. ಆದರೆ ಪ್ಲಾಟಿನಂ, ರೋಡಿಯಂಗಳ ಬೆಲೆಗೆ ಯಾವ ಕಾರ್ಖಾನೆಯವರೂ ಮನಸ್ಸು ಮಾಡುವಂತಿರಲಿಲ್ಲ.

1823ರಲ್ಲಿ ಸ್ಟೊಡಾರ್ಟ್ ತೀರಿಕೊಂಡ. ಅಲ್ಲಿಗೆ ಉಕ್ಕಿನ ಕೆಲಸ ನಿಂತಿತು. ಅವರು ಬೆರೆಸಿ ನೋಡಿದ ಕ್ರೋಮಿಯಂ ಬಹಳ ಕಡಿಮೆ, ನೂರಕ್ಕೆ ಒಂದೋ ಮೂರೋ ಭಾಗ. 1913ರಲ್ಲಿ ಶೆಫೀಲ್ಡಿನ ಹ್ಯಾರಿ ಬ್ರಿಯರ್ಲಿ ನೂರಕ್ಕೆ ಸುಮಾರು 13 ಭಾಗ ಕ್ರೋಮಿಯಂ ಇರುವ ಉಕ್ಕು ಮಾಡಿದ. ಅದು ತುಕ್ಕು ಹಿಡಿಯಲಿಲ್ಲ. ನಿಮ್ಮ ಅಡುಗೆಮನೆಯಲ್ಲಿ ಹೊಳೆಯುವ ಸ್ಟೀಲ್ ಚಾಕು ಆ ಜಾತಿಯದು. ಅಜ್ಜಿಯ ಈಳಿಗೆಮಣೆ ಹಳೆಯ ಜಾತಿಯದು. ತುಕ್ಕು ಹಿಡಿಯುತ್ತದೆ, ಆದರೆ ತರಕಾರಿಯ ಮಟ್ಟಿಗೆ ಅದಕ್ಕೆ ಸಾಟಿ ಇಲ್ಲ ಎನ್ನುವವರು ಈಗಲೂ ಇದ್ದಾರೆ.

ಇತ್ತ ಫ್ಯಾರಡೆಯ ಗಮನ 1821ರಿಂದಲೇ ವಿದ್ಯುತ್ತಿನ ಕಡೆ ತಿರುಗಿತ್ತು. ಆ ವರ್ಷ ಸಾರಾ ಬರ್ನಾರ್ಡ್‌ಳೊಡನೆ ಮದುವೆಯಾಯಿತು. ಅದೇ ವರ್ಷ ವಿದ್ಯುತ್ ಹರಿಯುವ ತಂತಿ ಆಯಸ್ಕಾಂತದ ಸುತ್ತ ತಿರುಗುವಂತೆ ಮಾಡಿ ತೋರಿಸಿದ. ಇಂದಿನ ಫ್ಯಾನು, ಪಂಪ್‌ಸೆಟ್ಟುಗಳ ಮೋಟಾರಿಗೆ ಅದೇ ಮೂಲ. ಹತ್ತು ವರ್ಷಗಳ ನಂತರ, 1831ರ ಆಗಸ್ಟ್ 29ರಂದು ಅವನ ಜೀವನದ ಅತಿ ದೊಡ್ಡ ಪ್ರಯೋಗ ನಡೆಯಿತು. ಅದಕ್ಕೆ ಬೇಕಾದದ್ದು ಆರು ಅಂಗುಲ ಅಗಲದ ಒಂದು ಕಬ್ಬಿಣದ ಬಳೆ. ಈ ಸಲ ಉಕ್ಕು ಬೇಡ, ಮೆದು ಕಬ್ಬಿಣವೇ ಆಗಬೇಕು. ಉಕ್ಕು ಒಮ್ಮೆ ಆಯಸ್ಕಾಂತವಾದರೆ ಹಾಗೇ ಉಳಿಯುತ್ತದೆ. ಮೆದು ಕಬ್ಬಿಣ ಹಾಗಲ್ಲ, ವಿದ್ಯುತ್ ಬಂದಾಗ ಆಯಸ್ಕಾಂತ, ಹೋದಾಗ ಬರೀ ಕಬ್ಬಿಣ. ಬಳೆಯ ಎರಡು ಬದಿಗೆ ತಂತಿ ಸುತ್ತಿ ಒಂದು ಬದಿಯಲ್ಲಿ ವಿದ್ಯುತ್ ಹರಿಸಿದ. ಹರಿಸಿದ ಕ್ಷಣ ಮತ್ತು ನಿಲ್ಲಿಸಿದ ಕ್ಷಣ ಇನ್ನೊಂದು ಬದಿಯ ತಂತಿಯಲ್ಲೂ ವಿದ್ಯುತ್ ಹುಟ್ಟಿತು. ಕಾಂತತ್ವ ಬದಲಾದರೆ ವಿದ್ಯುತ್ ಹುಟ್ಟುತ್ತದೆ! ಕೆಲವೇ ವಾರಗಳಲ್ಲಿ ಅವನು ಆಯಸ್ಕಾಂತದ ನಡುವೆ ತಾಮ್ರದ ತಟ್ಟೆ ತಿರುಗಿಸಿ ನಿರಂತರವಾಗಿ ವಿದ್ಯುತ್ ಪಡೆದ.

ಇದರ ಫಲ ಮಂಡ್ಯ ಜಿಲ್ಲೆಗೆ ಬರಲು ಏಳು ದಶಕಗಳು ಬೇಕಾದವು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿಯ ನೀರಿನ ರಭಸದಿಂದ ಯಂತ್ರ ತಿರುಗಿಸಿ, 1902ರಲ್ಲಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಕಳುಹಿಸಲಾಯಿತು. ಅಲ್ಲಿನ ಯಂತ್ರಗಳು ಕೆಲಸ ಮಾಡಿದ್ದು ಫ್ಯಾರಡೆ ಕಂಡುಹಿಡಿದ ನಿಯಮದಂತೆಯೇ.

ಆದರೆ ಆ ಹೊತ್ತಿಗೆ ಮೈಸೂರು ಸೀಮೆಯ ಮೂಸೆ ಉಕ್ಕಿನ ಕುಲುಮೆಗಳು ಹೆಚ್ಚುಕಡಿಮೆ ಆರಿಹೋಗಿದ್ದವು. ಇಂಗ್ಲೆಂಡಿನ ದೊಡ್ಡ ಕಾರ್ಖಾನೆಗಳ ಅಗ್ಗದ ಉಕ್ಕು ಹಡಗಿನಲ್ಲಿ ಬಂದಿಳಿಯುತ್ತಿತ್ತು. ಇದ್ದಿಲಿಗಾಗಿ ಕಾಡಿಗೆ ಹೋಗುವುದಕ್ಕೂ ನಿರ್ಬಂಧಗಳು ಬಂದಿದ್ದವು. ಲಂಡನ್ನಿನ ಚಾಕು ತಯಾರಕ ಹೆಮ್ಮೆಯಿಂದ ಹೆಸರು ಹೇಳಿಕೊಂಡಿದ್ದ ಉಕ್ಕನ್ನು ಮಾಡುವವರಿಗೆ ಸ್ವಂತ ಊರಿನಲ್ಲೇ ಗಿರಾಕಿ ಇಲ್ಲದಂತಾಯಿತು. ಇದು ನನಗೆ ಈ ಇಡೀ ಕಥೆಯಲ್ಲೇ ಬಹಳ ಬೇಸರ ತರುವ ಸಂಗತಿ.

ಫ್ಯಾರಡೆ ದೊಡ್ಡ ಮನುಷ್ಯನಾದ ಮೇಲೂ ಬದಲಾಗಲಿಲ್ಲ. ರಾಯಲ್ ಸೊಸೈಟಿಯ ಅಧ್ಯಕ್ಷ ಪದವಿ ಬಂದಾಗ ಬೇಡವೆಂದ. ಕ್ರಿಸ್‌ಮಸ್ ರಜೆಯಲ್ಲಿ ಮಕ್ಕಳಿಗಾಗಿ ವಿಜ್ಞಾನದ ಉಪನ್ಯಾಸ ಮಾಡುವುದು ಮಾತ್ರ ಅವನಿಗೆ ಪ್ರಿಯವಾಗಿತ್ತು. 1827ರಿಂದ 1860ರವರೆಗೆ 19 ಸಲ ಅಂಥ ಉಪನ್ಯಾಸ ಮಾಲೆ ನಡೆಸಿದ. ಒಂದು ಮೇಣದಬತ್ತಿಯನ್ನು ಹಿಡಿದುಕೊಂಡು ಇಡೀ ರಸಾಯನಶಾಸ್ತ್ರವನ್ನು ಹೇಳಿದ ಅವನ ಉಪನ್ಯಾಸಗಳು ಪುಸ್ತಕವಾಗಿ ಈಗಲೂ ಓದುಗರ ಕೈಯಲ್ಲಿವೆ. 1841ರಲ್ಲಿ ಆರೋಗ್ಯ ಕೆಟ್ಟು ವಿಶ್ರಾಂತಿಗೆಂದು ಸ್ವಿಟ್ಜರ್‌ಲೆಂಡಿಗೆ ಹೋಗಿದ್ದಾಗ, ಇಂಟರ್‌ಲಾಕೆನ್ ಎಂಬ ಊರಿನಲ್ಲಿ ಮೊಳೆ ಬಡಿಯುವ ಕಮ್ಮಾರರನ್ನು ನೋಡುತ್ತ ನಿಂತ. ಕುಲುಮೆ ಎಂದರೆ ತನಗೆ ಬಹಳ ಇಷ್ಟವೆಂದೂ ತನ್ನ ತಂದೆ ಕಮ್ಮಾರನಾಗಿದ್ದನೆಂದೂ ಆ ದಿನ ದಿನಚರಿಯಲ್ಲಿ ಬರೆದುಕೊಂಡ. ಪ್ರಪಂಚವೆಲ್ಲ ಕೊಂಡಾಡುತ್ತಿದ್ದ ವಿಜ್ಞಾನಿಗೆ ಆಗ ಸುಮಾರು 50 ವರ್ಷ. 1867ರ ಆಗಸ್ಟ್ 25ರಂದು ಅವನು ಕುರ್ಚಿಯಲ್ಲಿ ಕುಳಿತಂತೆಯೇ ಕೊನೆಯುಸಿರೆಳೆದ.

ಅವನು ಕರಗಿಸಿದ ಉಕ್ಕಿನ ತುಂಡುಗಳು ಒಂದು ಮರದ ಪೆಟ್ಟಿಗೆಯಲ್ಲಿ ಉಳಿದಿದ್ದವು. ಒಟ್ಟು 79 ತುಂಡುಗಳು. ಉಕ್ಕಿನ ತಜ್ಞ ರಾಬರ್ಟ್ ಹ್ಯಾಡ್‌ಫೀಲ್ಡ್ ಅವುಗಳನ್ನು ಪರೀಕ್ಷಿಸಿ 1931ರಲ್ಲಿ ಒಂದು ಪುಸ್ತಕವನ್ನೇ ಬರೆದ. ಪ್ಲಾಟಿನಂ, ರೋಡಿಯಂ ಬೆರೆತ ತುಂಡುಗಳು ಅಲ್ಲಿದ್ದವು. ಮಿಶ್ರ ಉಕ್ಕಿನ ಬಗ್ಗೆ ಕ್ರಮಬದ್ಧವಾಗಿ ಪ್ರಯೋಗ ಮಾಡಿದ ಮೊದಲಿಗರಲ್ಲಿ ಫ್ಯಾರಡೆಯೂ ಸ್ಟೊಡಾರ್ಟ್‌ನೂ ಇದ್ದರೆಂದು ಲೋಹ ವಿಜ್ಞಾನಿಗಳು ಆಗ ಮತ್ತೆ ನೆನಪು ಮಾಡಿಕೊಂಡರು.

ಮಾಡಿ ನೋಡಿ

ಉಕ್ಕಿಗೂ ಮೆದು ಕಬ್ಬಿಣಕ್ಕೂ ಇರುವ ವ್ಯತ್ಯಾಸವನ್ನು ಬೆಂಕಿಯಿಲ್ಲದೆ ತರಗತಿಯಲ್ಲೇ ಕಾಣಬಹುದು. ಒಂದು ಹೊಲಿಗೆ ಸೂಜಿ ತೆಗೆದುಕೊಳ್ಳಿ. ಅದು ಉಕ್ಕು. ಮನೆ ಕಟ್ಟುವವರು ಕಂಬಿ ಕಟ್ಟಲು ಬಳಸುವ ತಂತಿಯ ಒಂದು ತುಂಡನ್ನು ಅಷ್ಟೇ ಉದ್ದಕ್ಕೆ ಕತ್ತರಿಸಿಕೊಳ್ಳಿ. ಅದು ಮೆದು ಕಬ್ಬಿಣ. ಎರಡನ್ನೂ ಬೆರಳಿನಿಂದ ಸ್ವಲ್ಪವೇ ಬಗ್ಗಿಸಿ ಬಿಡಿ. ಯಾವುದು ಮತ್ತೆ ನೇರವಾಯಿತು? ಸೂಜಿಯನ್ನು ಹೆಚ್ಚು ಬಗ್ಗಿಸಬೇಡಿ, ಮುರಿದು ಸಿಡಿಯಬಹುದು. ಈಗ ಎರಡನ್ನೂ ಒಂದೇ ಆಯಸ್ಕಾಂತದಿಂದ, ಒಂದೇ ದಿಕ್ಕಿನಲ್ಲಿ, ನಲವತ್ತು ಸಲ ಉಜ್ಜಿ. ಆಯಸ್ಕಾಂತವನ್ನು ದೂರವಿಡಿ. ಸೂಜಿಯನ್ನೂ ತಂತಿಯನ್ನೂ ಐದಾರು ಸಲ ನೆಲಕ್ಕೆ ಬೀಳಿಸಿ, ಆಮೇಲೆ ಕಬ್ಬಿಣದ ಪುಡಿಯ ಹತ್ತಿರ ಹಿಡಿಯಿರಿ. ಯಾವುದು ಎಷ್ಟು ಪುಡಿಯನ್ನು ಎತ್ತಿತು ಎಂದು ಬರೆದುಕೊಳ್ಳಿ. ಫ್ಯಾರಡೆ ಬಳೆಗೆ ಉಕ್ಕು ಬೇಡವೆಂದದ್ದು ಏಕೆಂದು ಗೆಳೆಯರೊಂದಿಗೆ ಚರ್ಚಿಸಿ. ಮುಗಿದ ಮೇಲೆ ಸೂಜಿಗಳನ್ನು ಎಣಿಸಿ ಡಬ್ಬಿಗೆ ಹಾಕಿ.